ಜೊತೆಯವರನ್ನು ಬಿಟ್ಟು ಬೆಟ್ಟ ಹತ್ತಬಹುದೇ?

ಬೆಟ್ಟ ಹತ್ತುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಮಗುವಿಗೆ ಜ್ವರ ಬಿಟ್ಟರೆ ಹತ್ತಿ ಬರ್ತೀವಿ ಅಂತ ಒಂದು ಹರಕೆ, ಮಗಳ ಮದುವೆ ಕೂಡಿ ಬಂದರೆ ಬರಿಗಾಲಲ್ಲಿ ಬರ್ತೀವಿ ಅಂತ ಇನ್ನೊಂದು ಹರಕೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಣ್ಣುಮಕ್ಕಳಿದ್ದಾರೆ. ಎಪ್ಪತ್ತೇಳು ಮಲೆಯ ಮಾದಪ್ಪನ ಹೆಸರು ಹೇಳುತ್ತಾ ಕಾಡುದಾರಿಯಲ್ಲಿ ನಡೆಯುವವರಿದ್ದಾರೆ. 41 ದಿನದ ವ್ರತ ಮುಗಿಸಿ ಇರುಮುಡಿ ಹೊತ್ತು ಶಬರಿಮಲೆಗೆ ಹೋಗುವವರಿದ್ದಾರೆ.

ಹೊರಡುವಾಗ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಒಂದೇ ಟೆಂಪೋದಲ್ಲಿ ಬಂದು, ಒಂದೇ ಕಡೆ ಕಾಫಿ ಕುಡಿದು, ಒಂದೇ ಸಲ ಜಯಕಾರ ಹಾಕಿ ಮೊದಲ ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ನೂರು ಮೆಟ್ಟಿಲು ಆಗುವ ಹೊತ್ತಿಗೆ ಗುಂಪು ಎರಡಾಗಿರುತ್ತದೆ, ಇನ್ನೂರಕ್ಕೆ ನಾಲ್ಕಾಗಿರುತ್ತದೆ. ದೇವರು ಎಲ್ಲರಿಗೂ ಒಂದೇ ಥರದ ಕಾಲು ಕೊಟ್ಟಿಲ್ಲ. ಆಗ ಒಂದು ಪ್ರಶ್ನೆ ಏಳುತ್ತದೆ. ಮುಂದೆ ಹೋಗಬಲ್ಲವನು ಹಿಂದೆ ಉಳಿದವನಿಗಾಗಿ ನಿಲ್ಲಬೇಕೇ? ನಿಂತರೆ ಸಂಕಲ್ಪ ಕೆಡುತ್ತದೆ. ಹೋದರೆ ಜೊತೆ ಕೆಡುತ್ತದೆ. ಧರ್ಮ ಯಾವ ಕಡೆ ಇದೆ?

ಈ ಪ್ರಶ್ನೆಯನ್ನು ಒಬ್ಬ ಯುವಕ ಬೆಟ್ಟದ ಮೆಟ್ಟಿಲ ಮೇಲೆ ಕುಳಿತು ನಾಲ್ಕು ಜನರ ಮುಂದೆ ಕೇಳಿದ. ಅವನ ಊರು ಹಾಸನದ ಕಡೆ, ಕೆಲಸ ಇಂಗ್ಲೆಂಡಿನಲ್ಲಿ. ರಜೆಗೆ ಬಂದಾಗ ತಂದೆ ತಾಯಿಯ ಹರಕೆ ತೀರಿಸಲು ಜೊತೆಗೆ ಬಂದಿದ್ದ. ತಂದೆಗೆ ಮಂಡಿನೋವು. ಮೊದಲ ಮಂಟಪಕ್ಕೆ ಬರುವಷ್ಟರಲ್ಲೇ ಅವರು ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಹುಡುಗ ನಿಂತೇ ಇದ್ದ, ಎರಡೆರಡು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು, “ಏನಪ್ಪ, ಬೆಟ್ಟಕ್ಕೂ ಬಸ್ಸಿನ ಟೈಮು ಇದೆಯಾ?” ಅಂತ ನಗುತ್ತಾ ಕೇಳಿದರು. ಅವನಿಗೆ ನಾಚಿಕೆಯಾಗಿ ಕುಳಿತುಕೊಂಡ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮಾತು ತೆಗೆದ.

ಒಂದು ದಿನಕ್ಕೆ ಮೂರು ಬೆಟ್ಟ

ಬ್ರಿಟನ್ನಿನಲ್ಲಿ ‘ಮೂರು ಶಿಖರಗಳ ಸವಾಲು’ ಎಂದು ಒಂದು ಇದೆ. ಸ್ಕಾಟ್ಲೆಂಡ್, ಇಂಗ್ಲೆಂಡ್, ವೇಲ್ಸ್ ಈ ಮೂರು ನಾಡುಗಳಲ್ಲಿ ಒಂದೊಂದರ ಅತಿ ಎತ್ತರದ ಬೆಟ್ಟವನ್ನು 24 ಗಂಟೆಯೊಳಗೆ ಹತ್ತಿ ಇಳಿಯಬೇಕು. ಸ್ಕಾಟ್ಲೆಂಡಿನ ಬೆನ್ ನೆವಿಸ್ 1345 ಮೀಟರ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್ 978 ಮೀಟರ್, ವೇಲ್ಸಿನ ಸ್ನೋಡನ್ 1085 ಮೀಟರ್. ಸ್ನೋಡನ್‌ಗೆ ವೆಲ್ಷ್ ಭಾಷೆಯ ಬೇರೆ ಹೆಸರಿದೆ. 2022ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಆ ಹೆಸರನ್ನೇ ಬಳಸುವುದೆಂದು ತೀರ್ಮಾನಿಸಿದ್ದಾರೆ.

ಇಷ್ಟೇನಾ ಅಂತ ನಮ್ಮವರಿಗೆ ಅನ್ನಿಸಬಹುದು. ನಮ್ಮ ಮುಳ್ಳಯ್ಯನಗಿರಿಯೇ 1930 ಮೀಟರ್ ಇದೆಯಲ್ಲ! ಆದರೆ ಮುಳ್ಳಯ್ಯನಗಿರಿಗೆ ಬಹುಪಾಲು ವಾಹನದಲ್ಲೇ ಹೋಗುತ್ತೇವೆ. ಬೆನ್ ನೆವಿಸ್‌ನ ಬುಡ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ, ಅಲ್ಲಿಂದ ಅಷ್ಟನ್ನೂ ಕಾಲಿನಲ್ಲೇ ಏರಬೇಕು. ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ಸಾಲದ್ದಕ್ಕೆ ಮಂಜು, ಮಳೆ, ಚಳಿಗಾಳಿ. ಬೆನ್ ನೆವಿಸ್‌ನ ನೆತ್ತಿ ಚಪ್ಪಟೆ, ಆದರೆ ಉತ್ತರದ ಕಡೆ ನೂರಾರು ಮೀಟರ್ ಆಳದ ಬಂಡೆ ಪ್ರಪಾತ. ಮಂಜು ಕವಿದರೆ ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸಿಕೊಂಡು ಇಳಿಯಬೇಕಾಗುತ್ತದೆ. ಅದಕ್ಕೇ ಅನೇಕರು ತರಬೇತಾದ ಗೈಡುಗಳ ಜೊತೆ ಹೋಗುತ್ತಾರೆ.

ಮೂರೂ ಬೆಟ್ಟ ಸೇರಿ ನಡಿಗೆ ಸುಮಾರು 40 ಕಿಲೋಮೀಟರ್, ಏರು ಸುಮಾರು 3000 ಮೀಟರ್. ಬೆಟ್ಟದಿಂದ ಬೆಟ್ಟಕ್ಕೆ ಮಿನಿಬಸ್ಸಿನಲ್ಲಿ ಓಡಾಟವೇ 700 ಕಿಲೋಮೀಟರಿಗಿಂತ ಹೆಚ್ಚು. ಸಾಮಾನ್ಯ ಲೆಕ್ಕ ಹೀಗಿದೆ: ಮೊದಲ ಬೆಟ್ಟಕ್ಕೆ 5 ಗಂಟೆ, ಪ್ರಯಾಣ 6 ಗಂಟೆ, ಎರಡನೆಯದಕ್ಕೆ 4 ಗಂಟೆ, ಮತ್ತೆ ಪ್ರಯಾಣ 5 ಗಂಟೆ, ಮೂರನೆಯದಕ್ಕೆ 4 ಗಂಟೆ. ಕೂಡಿಸಿ ನೋಡಿ, ಸರಿಯಾಗಿ 24. ಒಂದು ಲೋಟ ಕಾಫಿಗೂ ಅದರಲ್ಲಿ ಜಾಗವಿಲ್ಲ.

ಅಲ್ಲಿ ಇದನ್ನು ಬಹಳ ಜನ ದಾನಕಾರ್ಯಕ್ಕೆಂದು ಮಾಡುತ್ತಾರೆ. ನಾನು ಈ ಮೂರು ಬೆಟ್ಟ ಹತ್ತುತ್ತೇನೆ, ನೀವು ಇಂಥ ಸಂಸ್ಥೆಗೆ ಹಣ ಕೊಡಿ ಅಂತ ನೆಂಟರು ಸ್ನೇಹಿತರನ್ನು ಕೇಳುವುದು ವಾಡಿಕೆ. ಒಂದು ರೀತಿಯಲ್ಲಿ ಇದೂ ಹರಕೆಯೇ. ನಮ್ಮದು ದೇವರ ಮುಂದೆ ಹೊತ್ತದ್ದು, ಅವರದ್ದು ಜನರ ಮುಂದೆ ಹೊತ್ತದ್ದು.

ಕೈಗವಸಿನ ಕಥೆ

ಈ ಯುವಕನೂ ಅವನ ಆಫೀಸಿನ ನಾಲ್ವರೂ ಸೇರಿ ಒಂದು ಜೂನ್ ತಿಂಗಳಲ್ಲಿ ಈ ಸವಾಲು ಹಿಡಿದರು. ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವುದು ಉದ್ದೇಶ. ಇಬ್ಬರು ಗೈಡುಗಳು, ಒಬ್ಬ ಡ್ರೈವರು. ಐವರಲ್ಲಿ ಒಬ್ಬರು ಐವತ್ತು ದಾಟಿದವರು, ಆ ದೇಶದವರೇ. ಈ ಹುಡುಗನಿಗೆ ಬೆಟ್ಟದ ಹುಚ್ಚು ಹಿಡಿಸಿದ್ದೇ ಅವರು. ಯಾವ ಬೂಟು ಕೊಳ್ಳಬೇಕು, ಕಾಲ್ಚೀಲ ಹೇಗಿರಬೇಕು, ಇಳಿಯುವಾಗ ಮಂಡಿ ಹೇಗೆ ಬಗ್ಗಿಸಬೇಕು, ಎಲ್ಲ ಹೇಳಿಕೊಟ್ಟು ಆರು ತಿಂಗಳು ಭಾನುವಾರ ಭಾನುವಾರ ಕರೆದುಕೊಂಡು ಹೋಗಿ ನಡೆಸಿದ್ದರು.

ಮಧ್ಯಾಹ್ನ 3 ಗಂಟೆಗೆ ಬೆನ್ ನೆವಿಸ್ ಹತ್ತಲು ಶುರು ಮಾಡಿದರು. ಮೇಲೆ ಹೋದಂತೆ ಚಳಿ ಹೆಚ್ಚಿತು. ಹುಡುಗನ ಕೈಗವಸು ತೆಳ್ಳಗಿನದು, ನೆನೆದು ಹೋಗಿ ಬೆರಳು ಮರಗಟ್ಟಿತು. ಆ ಹಿರಿಯರು ಮಾತಾಡದೆ ತಮ್ಮ ಉಣ್ಣೆಯ ಕೈಗವಸು ಬಿಚ್ಚಿ ಅವನ ಕೈಗೆ ಹಾಕಿ, ತಮ್ಮ ಕೈಗಳನ್ನು ಜೇಬಿನಲ್ಲಿಟ್ಟುಕೊಂಡರು. ಇಳಿಯುವಷ್ಟರಲ್ಲಿ 20 ನಿಮಿಷ ತಡವಾಗಿತ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತೇ ನಿದ್ದೆ. ನಡುರಾತ್ರಿ ಎರಡೂವರೆಯ ಹೊತ್ತಿಗೆ, ಹಣೆಗೆ ಟಾರ್ಚು ಕಟ್ಟಿಕೊಂಡು, ಸ್ಕಾಫೆಲ್ ಪೈಕ್ ಶುರು.

ಮುಕ್ಕಾಲು ಗಂಟೆ ನಡೆದ ಮೇಲೆ ಹಿರಿಯರ ಹೆಜ್ಜೆ ಎಳೆಯತೊಡಗಿತು. ಮೊದಲ ಬೆಟ್ಟದಲ್ಲೇ ಅವರಿಗೆ ಮಂಡಿ ನೋವು ಕಾಣಿಸಿತ್ತು, ಯಾರಿಗೂ ಹೇಳದೆ ಮಾತ್ರೆ ನುಂಗಿದ್ದರು. ಗೈಡು ನಿಲ್ಲಿಸಿ, ಕಾಲು ಮುಟ್ಟಿ ನೋಡಿ, “ನೀವು ಇಲ್ಲಿಂದ ಇಳಿಯಬೇಕು” ಅಂದ. ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿದ್ದ ನಿಯಮ ಅದು, ಗೈಡಿನ ಮಾತೇ ಕೊನೆ ಮಾತು. ಎರಡನೆಯ ಗೈಡು ಅವರನ್ನು ಕೆಳಗೆ ಕರೆದುಕೊಂಡು ಹೋಗುವುದು, ಉಳಿದವರು ಮುಂದೆ ಹೋಗುವುದು ಎಂದಾಯಿತು.

“ಆಗ ಅವರು ನನ್ನ ಮುಖ ನೋಡಿದ್ರು. ನಾನು ವಾಚು ನೋಡ್ದೆ,” ಅಂದ ಯುವಕ.

ಅಷ್ಟೇ ನಡೆದದ್ದು. ಉಳಿದ ನಾಲ್ವರು ಬೇಗ ಬೇಗ ಹತ್ತಿದರು. ತುದಿ ಮುಟ್ಟುವಾಗ ಪೂರ್ವದಲ್ಲಿ ಸ್ವಲ್ಪ ಬೆಳಕು ಮೂಡುತ್ತಿತ್ತು. ನೀರಿನ ಬಾಟಲಿ ತೆಗೆಯಲು ಹೋದಾಗ ಅವನ ಕಣ್ಣು ಕೈ ಮೇಲೆ ಬಿತ್ತು. ಹಿರಿಯರ ಕೈಗವಸು ಅವನ ಕೈಯಲ್ಲೇ ಇತ್ತು. ಅವರು ಬರಿಗೈಯಲ್ಲಿ ಮಳೆಯಲ್ಲಿ ಇಳಿದಿದ್ದರು.

ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಮೂರನೆಯ ಬೆಟ್ಟ ಇಳಿದು ಸವಾಲು ಮುಗಿಸಿದರು. 20 ನಿಮಿಷ ಉಳಿದಿತ್ತು. ಕೆಳಗೆ ಬಸ್ಸಿನ ಹತ್ತಿರ ಹಿರಿಯರು ಫ್ಲಾಸ್ಕಿನಲ್ಲಿ ಚಹ ಇಟ್ಟುಕೊಂಡು ನಿಂತಿದ್ದರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಹಣವೂ ಕೂಡಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಒಂದು ವರ್ಷದಿಂದ ಮನಸ್ಸಿಗೆ ಸಮಾಧಾನವಿಲ್ಲ. “ನಾನು ತಪ್ಪು ಮಾಡಿದ್ನಾ?” ಇದು ಅವನ ಪ್ರಶ್ನೆ.

ಮಂಟಪದಲ್ಲಿ ಬಂದ ಉತ್ತರಗಳು

ಮೇಷ್ಟರು ಹೇಳಿದರು, “ಇದರಲ್ಲಿ ತಪ್ಪೇನಿದೆ? ಅವರನ್ನು ಕಾಡಿನಲ್ಲಿ ಬಿಟ್ಟು ಹೋದೆಯಾ? ಇಲ್ಲ. ಜೊತೆಗೆ ಗೈಡು ಇದ್ದ. ನಿಯಮ ಮೊದಲೇ ಗೊತ್ತಿತ್ತು. ನೀನೂ ಇಳಿದಿದ್ದರೆ ಅವರ ಮಂಡಿ ವಾಸಿಯಾಗುತ್ತಿತ್ತಾ? ಹಣ ಕೊಟ್ಟ ಜನಕ್ಕೆ ಕೊಟ್ಟ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಅಷ್ಟೇ.” ಈ ಮಾತಿನಲ್ಲಿ ಸತ್ಯವಿದೆ. ಒಬ್ಬನಿಗೆ ಆಗದ್ದನ್ನು ಎಲ್ಲರೂ ಬಿಡಬೇಕೆಂದರೆ ಲೋಕದಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಎಷ್ಟೋ ಸಲ ಹಿಂದೆ ಉಳಿದವರಿಗೇ ಅದು ಹೆಚ್ಚು ನೋವು, ನನ್ನಿಂದ ಇವರಿಗೂ ಆಗಲಿಲ್ಲವಲ್ಲ ಅಂತ.

ಅವನ ತಾಯಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. “ಅದೆಲ್ಲ ಸರಿ. ಅವರ ಕೈಗವಸು ಹಾಕ್ಕೊಂಡೇ ಹೋದೆಯಲ್ಲೋ” ಅಂದರು. ಮೇಷ್ಟರ ವಾದಕ್ಕೆ ಈ ಒಂದು ಮಾತು ಎದುರು ನಿಂತಿತು. ನಿಯಮದ ಪ್ರಕಾರ ಯಾರಿಗೂ ಸಾಲವಿಲ್ಲ. ಕೈಗವಸಿನ ಪ್ರಕಾರ ಸಾಲ ಇದೆ.

ತಲೆ ಮೇಲೆ ಅಕ್ಕಿ ಮೂಟೆ ಹೊತ್ತು ಹತ್ತುತ್ತಿದ್ದ ಕೂಲಿಯವನೊಬ್ಬ ಮೂಟೆ ಇಳಿಸಿ ಬೆವರು ಒರೆಸಿಕೊಳ್ಳುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನು ಹೇಳಿದ್ದು ಒಂದೇ ಮಾತು. “ಬಿಟ್ಟು ಹೋಗೋದು ತಪ್ಪಲ್ಲ ಸ್ವಾಮಿ. ನಾವೂ ದಿನಾ ಒಬ್ಬರನ್ನೊಬ್ಬರು ಬಿಟ್ಟೇ ಹತ್ತೋದು. ಹೇಳ್ದೆ ಹೋಗೋದು ತಪ್ಪು.”

ಯುವಕ ಸುಮ್ಮನೆ ಕುಳಿತ. ಆಮೇಲೆ ನಿಧಾನವಾಗಿ ಒಪ್ಪಿಕೊಂಡ. ಗೈಡು ಹಿರಿಯರನ್ನು ಇಳಿಸಿದಾಗ ಅವನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ, ನಿರಾಳ. ಇನ್ನು ಬೇಗ ಹೋಗಬಹುದು ಎನ್ನುವ ನಿರಾಳ. ಚುಚ್ಚುತ್ತಿದ್ದದ್ದು ಅದು. ಕಾಲು ಮಾಡಿದ ಕೆಲಸದಲ್ಲಿ ತಪ್ಪಿರಲಿಲ್ಲ, ಮನಸ್ಸು ಮಾಡಿದ ಕೆಲಸದಲ್ಲಿ ಇತ್ತು. ಆರು ತಿಂಗಳು ಜೊತೆ ನಡೆಸಿದ ಮನುಷ್ಯ ಆ ಗಳಿಗೆಯಲ್ಲಿ ಅವನಿಗೆ ‘ತಡ’ವಾಗಿ ಕಂಡಿದ್ದರು.

ಧರ್ಮರಾಯ ತಿರುಗಿ ನೋಡಲಿಲ್ಲ

ಬೆಟ್ಟ ಹತ್ತುವಾಗ ಜೊತೆಯವರು ಬಿದ್ದರೆ ಏನು ಮಾಡಬೇಕು ಅನ್ನುವುದು ಇಂದಿನ ಪ್ರಶ್ನೆಯಲ್ಲ. ಮಹಾಭಾರತದ 18 ಪರ್ವಗಳಲ್ಲಿ 17ನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಇದೇ ಕಥೆ ಇದೆ. ರಾಜ್ಯ ಬಿಟ್ಟು ಐವರು ಪಾಂಡವರು, ದ್ರೌಪದಿ, ಜೊತೆಗೊಂದು ನಾಯಿ ಹಿಮಾಲಯ ದಾಟಿ ಮೇರುವಿನ ಕಡೆ ನಡೆಯುತ್ತಾರೆ. ಮೊದಲು ದ್ರೌಪದಿ ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕಾರಣ ಕೇಳುತ್ತಾನೆ. ಧರ್ಮರಾಯ ಕಾರಣ ಹೇಳುತ್ತಾನೆ, ಆದರೆ ತಿರುಗಿ ನೋಡುವುದಿಲ್ಲ, ನಡೆಯುತ್ತಲೇ ಇರುತ್ತಾನೆ.

ಧರ್ಮರಾಯನೇ ತಿರುಗಿ ನೋಡಲಿಲ್ಲ ಅಂದಮೇಲೆ ನಾವ್ಯಾಕೆ ನೋಡಬೇಕು ಅಂತ ಯಾರಾದರೂ ಕೇಳಬಹುದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಂದ್ರ ರಥ ತಂದು, ಹತ್ತು, ಆದರೆ ನಾಯಿಗೆ ಜಾಗವಿಲ್ಲ ಅನ್ನುತ್ತಾನೆ. ನನ್ನನ್ನು ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಅನ್ನುತ್ತಾನೆ ಧರ್ಮರಾಯ. ಮುಂದಿನ ಸ್ವರ್ಗಾರೋಹಣ ಪರ್ವದಲ್ಲಿ ತಮ್ಮಂದಿರು ಮತ್ತು ದ್ರೌಪದಿ ನರಕದಲ್ಲಿರುವಂತೆ ಅವನಿಗೆ ಕಾಣುತ್ತದೆ. ಆಗ, ಇವರು ಇರುವ ಕಡೆಯೇ ನನ್ನ ಸ್ವರ್ಗ ಅಂತ ಅಲ್ಲೇ ನಿಂತುಬಿಡುತ್ತಾನೆ. ದಾರಿಯಲ್ಲಿ ತಿರುಗಿ ನೋಡದವನನ್ನು ಕಥೆ ಎರಡು ಸಲ ನಿಲ್ಲಿಸಿ ಪರೀಕ್ಷೆ ಮಾಡಿತು. ಎರಡು ಸಲವೂ ಅವನು ಗೆದ್ದದ್ದು ನಿಂತದ್ದರಿಂದ, ನಡೆದದ್ದರಿಂದ ಅಲ್ಲ.

ಇನ್ನೂ ಒಂದು ವಿಷಯ ಇದೆ. ಪಾಂಡವರು ಹೊರಟದ್ದು ತಿರುಗಿ ಬರುವುದಕ್ಕಲ್ಲ, ದೇಹ ಬಿಡುವುದಕ್ಕೆ. ನಮ್ಮ ಯಾತ್ರೆ ಹಾಗಲ್ಲ. ಹತ್ತುತ್ತೇವೆ, ದರ್ಶನ ಮಾಡುತ್ತೇವೆ, ಇಳಿದು ಮನೆಗೆ ಹೋಗುತ್ತೇವೆ, ನಾಳೆಯಿಂದ ಇದೇ ಜನರ ಜೊತೆ ಬದುಕುತ್ತೇವೆ. ಹಿಂತಿರುಗಿ ಬರುವವರ ಧರ್ಮವೇ ಬೇರೆ.

ಎವರೆಸ್ಟಿನ ಮೇಲೆ ನಡೆದದ್ದು

ಎತ್ತರ ಹೆಚ್ಚಿದಷ್ಟೂ ಈ ಪ್ರಶ್ನೆ ಗಟ್ಟಿಯಾಗುತ್ತದೆ. 2006ರ ಮೇ ತಿಂಗಳಲ್ಲಿ ಎವರೆಸ್ಟಿನ ಮೇಲೆ, ಹತ್ತು ಹನ್ನೊಂದು ದಿನಗಳ ಅಂತರದಲ್ಲಿ ಎರಡು ಘಟನೆ ನಡೆದವು. ಮೊದಲನೆಯದರಲ್ಲಿ ಬ್ರಿಟನ್ನಿನ ಒಬ್ಬ ಆರೋಹಿ ಶಿಖರದ ಕೆಳಗೆ ಕುಸಿದು ಕುಳಿತಿದ್ದ. ಆ ದಾರಿಯಲ್ಲಿ ಅನೇಕರು ಹತ್ತಿದರು, ಇಳಿದರು. ಕೆಲವರು ಗಮನಿಸಲಿಲ್ಲ, ಕೆಲವರು ಸತ್ತಿದ್ದಾನೆ ಅಂದುಕೊಂಡರು, ಕೆಲವರು ನಿಂತು ನೋಡಿ ಇನ್ನು ಆಗದು ಅಂತ ಹೊರಟರು. ಆತ ಅಲ್ಲೇ ತೀರಿಕೊಂಡ. 1953ರಲ್ಲಿ ತೇನ್‌ಸಿಂಗ್ ಜೊತೆ ಮೊದಲು ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಇದನ್ನು ಬಹಿರಂಗವಾಗಿ ಖಂಡಿಸಿದರು.

ಎರಡನೆಯದರಲ್ಲಿ ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯಾದ ಆರೋಹಿಯನ್ನು ಸತ್ತನೆಂದು ತಿಳಿದು ಸುಮಾರು 8600 ಮೀಟರ್ ಎತ್ತರದಲ್ಲಿ ಬಿಟ್ಟು ಬಂದಿದ್ದರು. ಮಾರನೆಯ ಬೆಳಿಗ್ಗೆ ಡ್ಯಾನ್ ಮಜೂರ್ ಮತ್ತು ಅವನ ಮೂವರು ಜೊತೆಗಾರರು ಶಿಖರದ ಕಡೆ ಹೋಗುತ್ತಾ ಆತ ಬದುಕಿ ಕುಳಿತಿರುವುದನ್ನು ಕಂಡರು. ಮೂವರಲ್ಲಿ ಒಬ್ಬ ಜಂಗ್ಬು ಶೆರ್ಪಾ. ಶಿಖರಕ್ಕೆ ಇನ್ನು ಕೆಲವೇ ಗಂಟೆಗಳ ದಾರಿ. ಹವೆಯೂ ಚೆನ್ನಾಗಿತ್ತು. ನಾಲ್ವರೂ ಅಲ್ಲೇ ನಿಂತರು. ಆಮ್ಲಜನಕ, ನೀರು, ತಿನ್ನಲು ಕೊಟ್ಟು, ಕೆಳಗೆ ಸುದ್ದಿ ಮುಟ್ಟಿಸಿ, ಸಹಾಯಕ್ಕೆ ಶೆರ್ಪಾಗಳು ಬರುವವರೆಗೆ ಕಾದರು. ಹಾಲ್ ಬದುಕಿದ. ನಾಲ್ವರಿಗೆ ಆ ಸಲ ಎವರೆಸ್ಟ್ ಸಿಗಲಿಲ್ಲ.

ಅವರು ಹಾಲ್‌ನ ಗುಂಪಿನವರೂ ಅಲ್ಲ, ಅವನ ಋಣವೂ ಅವರ ಮೇಲಿರಲಿಲ್ಲ. ಕಣ್ಣೆದುರು ಕಂಡ ಅಷ್ಟೇ. ಸವಾಲು ಎಷ್ಟೇ ದೊಡ್ಡದಿರಲಿ, ಜೀವ ಒಂದು ಕಡೆ ಶಿಖರ ಒಂದು ಕಡೆ ಇದ್ದಾಗ ತಕ್ಕಡಿ ಬೇಕಾಗಿಲ್ಲ. ತಕ್ಕಡಿ ಬೇಕಾಗುವುದು ಈ ಯುವಕನಂಥವರ ವಿಷಯದಲ್ಲಿ. ಅಲ್ಲಿ ಜೀವಕ್ಕೆ ಅಪಾಯವಿಲ್ಲ, ಮನಸ್ಸಿಗೆ ಮಾತ್ರ ಇದೆ. ನಮ್ಮ ಮೆಟ್ಟಿಲುಗಳ ಮೇಲೆ ದಿನವೂ ನಡೆಯುವುದು ಇಂಥದ್ದೇ.

ತುದಿ ಮುಟ್ಟದಿದ್ದರೆ ಹತ್ತಿದ್ದು ವ್ಯರ್ಥ ಅನ್ನುವ ಭಾವನೆಯೂ ಸರಿಯಲ್ಲ. 8586 ಮೀಟರ್ ಎತ್ತರದ ಕಾಂಚನಗಂಗಾ ಶಿಖರವನ್ನು 1955ರ ಮೇ 25ರಂದು ಮೊದಲ ಬಾರಿ ಏರಿದ ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಬೇಕೆಂದೇ ತುದಿಗೆ ಕೆಲವು ಅಡಿ ಇರುವಾಗ ನಿಂತರು. ಆ ಬೆಟ್ಟ ಸಿಕ್ಕಿಮಿನ ಜನರಿಗೆ ದೇವರು, ತುದಿ ತುಳಿಯುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಹಾಗಂತ ಅವರು ಕಾಂಚನಗಂಗಾ ಹತ್ತಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಮಾತಿಗೋಸ್ಕರ ಬಿಟ್ಟ ನಾಲ್ಕು ಅಡಿ ಕಳೆದುಕೊಂಡದ್ದಾಗುವುದಿಲ್ಲ.

ಹಿಂದೆ ಉಳಿಯುವವನಿಗೂ ಧರ್ಮ ಇದೆ

ಮುಂದೆ ಹೋಗುವವನಿಗೆ ಮಾತ್ರ ಉಪದೇಶ ಹೇಳಿದರೆ ಅರ್ಧ ಹೇಳಿದಂತೆ. ಆ ಹಿರಿಯರು ಒಳ್ಳೆಯವರು, ಆದರೆ ಅವರೂ ಒಂದು ತಪ್ಪು ಮಾಡಿದರು. ನೋವನ್ನು ಮುಚ್ಚಿಟ್ಟರು. ಮೊದಲ ಬೆಟ್ಟ ಇಳಿದಾಗಲೇ, “ನನಗೆ ಮುಂದಿನದು ಕಷ್ಟ” ಅಂದಿದ್ದರೆ ಬಸ್ಸಿನಲ್ಲೇ ನಿಶ್ಚಿಂತೆಯಾಗಿ ಮಲಗಬಹುದಿತ್ತು. ನಡುರಾತ್ರಿ ಮಳೆಯಲ್ಲಿ, ಕಲ್ಲುದಾರಿಯಲ್ಲಿ, ಎಲ್ಲರೂ ನಿಂತು ತೀರ್ಮಾನ ಮಾಡುವ ಪ್ರಸಂಗ ಬರುತ್ತಿರಲಿಲ್ಲ. ಭಾರವಾಗಬಾರದು ಅಂತ ಮುಚ್ಚಿಡುತ್ತೇವೆ. ಆದರೆ ಮುಚ್ಚಿಟ್ಟ ನೋವು ಎಲ್ಲಕ್ಕಿಂತ ದೊಡ್ಡ ಭಾರ ಆಗುತ್ತದೆ.

ಈ ಭಾರ ಗುಂಪಿನವರ ಮೇಲೆ ಮಾತ್ರ ಬೀಳುವುದೂ ಇಲ್ಲ. ಬ್ರಿಟನ್ನಿನ ಬೆಟ್ಟಗಳಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡರೆ ಹುಡುಕಿ ತರುವುದು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮ ನಿಮ್ಮ ಹಾಗೆ ಕೆಲಸಕ್ಕೆ ಹೋಗುವ ಜನ. ಮಧ್ಯರಾತ್ರಿ ಫೋನು ಬಂದರೆ ಹಾಸಿಗೆ ಬಿಟ್ಟು ಎದ್ದು ಬರುತ್ತಾರೆ, ಒಂದು ಪೈಸೆ ಕೇಳುವುದಿಲ್ಲ. ಸ್ಕಾಫೆಲ್ ಬುಡದ ವಾಸ್ಡೇಲ್ ಒಂದು ಕಣಿವೆ. ಸವಾಲಿನ ಬಸ್ಸುಗಳು ನಡುರಾತ್ರಿ ಬಂದು ಗದ್ದಲ ಮಾಡುವುದು, ಕಸ ಬಿಡುವುದು, ಕಂಡಲ್ಲಿ ಬಹಿರ್ದೆಸೆಗೆ ಹೋಗುವುದು, ಇದರಿಂದ ಅಲ್ಲಿನವರು ಬೇಸತ್ತಿದ್ದಾರೆ. ಒಳ್ಳೆಯ ಉದ್ದೇಶಕ್ಕೆ ಹತ್ತುತ್ತಿದ್ದೇವೆ ಎನ್ನುವ ಧೈರ್ಯದಲ್ಲಿ ಯಾರ ನಿದ್ದೆ ಕೆಡಿಸಿದೆವು ಅಂತ ನೋಡುವುದಿಲ್ಲ. ಬೆಟ್ಟದ ಕೆಳಗಿನ ಊರಿನವರು ನಮ್ಮ ಕಡೆಯೂ ಇದ್ದಾರೆ, ಇದನ್ನು ಯಾತ್ರಿಕರು ನೆನಪಿಡಬೇಕು.

ಗೈಡಿನ ಸ್ಥಾನ ದೊಡ್ಡದು. ದಾರಿ ತೋರಿಸುವುದು ಅವನ ಅರ್ಧ ಕೆಲಸ. “ನೀನು ಇನ್ನು ಇಳಿ” ಅಂತ ಹೇಳಬೇಕಾದಾಗ ಹೇಳುವುದು ಉಳಿದರ್ಧ. ಜೊತೆಯವರು ಆ ಮಾತು ಹೇಳಲು ಆಗುವುದಿಲ್ಲ, ಸ್ನೇಹ ಅಡ್ಡ ಬರುತ್ತದೆ. ಅದಕ್ಕೇ ಆ ಅಧಿಕಾರವನ್ನು ಹೊರಗಿನವನೊಬ್ಬನ ಕೈಗೆ ಮೊದಲೇ ಕೊಟ್ಟಿರುವುದು ಒಳ್ಳೆಯದು. ಆದರೆ ಗೈಡು ತೀರ್ಮಾನ ಮಾಡಿದ ಅಂದಮಾತ್ರಕ್ಕೆ ಜೊತೆಗಾರನ ಕೆಲಸ ಮುಗಿಯಲಿಲ್ಲ. ಕಾಲಿನ ವಿಷಯ ಗೈಡು ನೋಡಿಕೊಳ್ಳುತ್ತಾನೆ. ಮುಖದ ವಿಷಯ ಜೊತೆಗಾರನೇ ನೋಡಿಕೊಳ್ಳಬೇಕು. ಒಂದು ನಿಮಿಷ ನಿಂತು, ಕೈ ಹಿಡಿದು, “ಹೋಗಿ ಬರ್ತೀನಿ, ನಿಮ್ಮ ಪಾಲಿನದೂ ನಾನು ಹತ್ತುತ್ತೀನಿ” ಅಂತ ಹೇಳಿ, ಕೈಗವಸು ವಾಪಸು ಕೊಟ್ಟು ಹೊರಟಿದ್ದರೆ ಈ ಯುವಕನಿಗೆ ಒಂದು ವರ್ಷದ ನಿದ್ದೆ ಕೆಡುತ್ತಿರಲಿಲ್ಲ. ಅವರ ಕೈಯಲ್ಲಿ 20 ನಿಮಿಷ ಮಿಕ್ಕಿತ್ತು. ಬೇಕಾಗಿದ್ದದ್ದು ಒಂದು ನಿಮಿಷ.

ಯಾರಿಗೆ ಸವಾಲು?

ಮೂರನೆಯ ಬೆಟ್ಟ ಸ್ನೋಡನ್ ಇದೆಯಲ್ಲ, ಅದರ ತುದಿಯ ಹತ್ತಿರಕ್ಕೆ 1896ರಿಂದ ಪುಟ್ಟ ರೈಲು ಹೋಗುತ್ತದೆ. ಹಗಲು ರಾತ್ರಿ ಒದ್ದಾಡಿ ಮೇಲೆ ಬಂದವನಿಗೆ ಕಾಣುವುದು ರೈಲಿನಿಂದ ಇಳಿದ ಅಜ್ಜ ಅಜ್ಜಿಯರು, ಮಕ್ಕಳು. ಯುವಕನಿಗೆ ಅಲ್ಲಿ ಸ್ವಲ್ಪ ಕೋಪವೇ ಬಂತಂತೆ. ನಮ್ಮಲ್ಲೂ ಹೀಗೇ. ಮೆಟ್ಟಿಲು ಹತ್ತಿ ಬಂದವರು ಬಸ್ಸಿನಲ್ಲಿ ಬಂದವರನ್ನು ಒಂದು ಥರ ನೋಡುತ್ತಾರೆ. ಆದರೆ ಗರ್ಭಗುಡಿಯ ಮುಂದೆ ಎರಡು ಸಾಲು ಇಲ್ಲ, ತೀರ್ಥದಲ್ಲೂ ಎರಡು ಬಗೆ ಇಲ್ಲ. ಬೆಟ್ಟಕ್ಕೆ ನಮ್ಮ ಗಡಿಯಾರ ಗೊತ್ತಿಲ್ಲ. 24 ಗಂಟೆ ಅನ್ನುವುದು ನಾವೇ ಹಾಕಿಕೊಂಡ ಗೆರೆ. ನಾವು ಹಾಕಿಕೊಂಡ ಗೆರೆಗೋಸ್ಕರ ಜೊತೆಯವನ ಮುಖ ನೋಡುವುದನ್ನು ಬಿಟ್ಟರೆ, ಸವಾಲು ಬೆಟ್ಟದ್ದಲ್ಲ, ನಮ್ಮದೇ.

ಸವಾಲು ಹಿಡಿಯಬಾರದು ಅಂತ ಇದರ ಅರ್ಥವಲ್ಲ. ಕಷ್ಟದ ಕೆಲಸ ಹಿಡಿದು ಮುಗಿಸಿದವನ ಮೈ ಮನಸ್ಸು ಗಟ್ಟಿಯಾಗುತ್ತದೆ, ಅದರಿಂದ ನಾಲ್ಕು ಮಕ್ಕಳಿಗೆ ಔಷಧಿ ಸಿಕ್ಕರೆ ಅದಕ್ಕಿಂತ ಪುಣ್ಯ ಯಾವುದು? ಸಂಕಲ್ಪ ಮಾಡಿ, ಆದರೆ ಸಂಕಲ್ಪ ಮಾಡುವಾಗಲೇ ಜೊತೆಯವರನ್ನೂ ಅದರೊಳಗೆ ಸೇರಿಸಿಕೊಳ್ಳಿ.

ಯಾತ್ರಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ್ದು ಇಷ್ಟು. ಹೊರಡುವ ಮೊದಲೇ, ಆಗದವರು ಎಲ್ಲಿ ಕಾಯಬೇಕು, ಯಾರು ಜೊತೆಗಿರಬೇಕು ಎಂದು ಮಾತಾಡಿಕೊಳ್ಳಿ. ಕಾಲು, ಎದೆ, ಉಸಿರು, ಯಾವುದರ ತೊಂದರೆ ಇದ್ದರೂ ಮೊದಲ ಮೆಟ್ಟಿಲಲ್ಲೇ ಹೇಳಿ, ನಾಚಿಕೆ ಬೇಡ. ಮಕ್ಕಳನ್ನು, ವಯಸ್ಸಾದವರನ್ನು ಒಬ್ಬರನ್ನೇ ಬಿಟ್ಟು ಮುಂದೆ ಹೋಗಬೇಡಿ. ಬಿಟ್ಟು ಹೋಗಲೇಬೇಕಾದರೆ ಹೇಳಿ ಹೋಗಿ, ಕೇಳಿ ಹೋಗಿ. ಮೇಲೆ ಹೋದ ಮೇಲೆ ಕೆಳಗೆ ಕುಳಿತವರ ಹೆಸರಿನಲ್ಲಿ ಒಂದು ನಮಸ್ಕಾರ ಹಾಕಿ. ಯಾರದ್ದಾದರೂ ಕೋಲು, ಶಾಲು, ನೀರು ನಿಮ್ಮ ಕೈಯಲ್ಲಿದ್ದರೆ ಕೊಟ್ಟು ಹೋಗಿ.

ಆ ದಿನ ಮಂಟಪದಿಂದಲೇ ಯುವಕ ಇಂಗ್ಲೆಂಡಿಗೆ ಫೋನು ಹಚ್ಚಿದ. ಅಲ್ಲಿ ಇನ್ನೂ ಬೆಳಗಿನ ಜಾವ, ಅವರು ಎತ್ತಲಿಲ್ಲ. ಕೈಗವಸು ಒಗೆದು ಮಡಿಸಿ ಪೆಟ್ಟಿಗೆಯಲ್ಲಿಟ್ಟು ವರ್ಷವಾಯಿತು, ಕೊಡಲು ಮುಖವಿರಲಿಲ್ಲ, ಹೋದ ಮೇಲೆ ಕೊಡುತ್ತೇನೆ ಅಂದ. ಕೂಲಿಯವನು ಮೂಟೆ ತಲೆಗೇರಿಸಿಕೊಂಡು ಆಗಲೇ ಎರಡು ತಿರುವು ಮೇಲೆ ಹೋಗಿದ್ದ. ಯುವಕ ತಂದೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, “ಅಪ್ಪ, ಅಮ್ಮನ್ನ ಕರ್ಕೊಂಡು ಹೋಗ್ಲಾ? ನಿಮಗೆ ಇಲ್ಲಿ ಆಗುತ್ತಾ?” ಅಂತ ಕೇಳಿದ. “ಹೋಗಪ್ಪ, ನಾನು ನಿಧಾನಕ್ಕೆ ಇಳಿದು ಬಸ್ಸಿಗೆ ಬರ್ತೀನಿ. ಮೇಲೆ ಸಿಗೋಣ” ಅಂದರು ತಂದೆ. ಇಳಿಯುವಾಗ ಜೊತೆಗಿರುತ್ತೇನೆ ಅಂತ ಮೇಷ್ಟರು ಒಪ್ಪಿಕೊಂಡರು. ನೀರಿನ ಬಾಟಲಿಯನ್ನು ತಂದೆಯ ಕೈಗೆ ಕೊಟ್ಟು ತಾಯಿಯ ಜೊತೆ ಹೊರಟ. ಮೊದಲ ತಿರುವಿನಲ್ಲಿ ನಿಂತು ತಿರುಗಿ ನೋಡಿ ಕೈ ಎತ್ತಿದ. ತಂದೆಯೂ ಕೈ ಎತ್ತಿದರು.

ಬೆಟ್ಟಕ್ಕೆ ಬಂದವರೆಲ್ಲರೂ ಸುಖವಾಗಿ ಹತ್ತಿ, ಸುಖವಾಗಿ ಇಳಿದು, ಎಷ್ಟು ಜನ ಬಂದಿದ್ದರೋ ಅಷ್ಟೂ ಜನ ಒಟ್ಟಿಗೆ ಮನೆ ಸೇರಲಿ. ಸರ್ವರಿಗೂ ಶುಭವಾಗಲಿ.